ಮೂಗು, ಖಾಲಿ ಸೂಟು, ಪೌತಿ ಖಾತೆ: ತುಮಕೂರಿನಲ್ಲಿ ಗೊಗೊಲ್ ಮತ್ತು ಬುಲ್ಗಾಕೋವ್ ಓದಿದ ಒಂದು ಪ್ರಕರಣ

ತುಮಕೂರಿನ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಎಂ.ಎ. ಓದುತ್ತಿರುವ ವಿದ್ಯಾರ್ಥಿನಿಯೊಬ್ಬಳು ಒಂದು ಕಿರು ಪ್ರಬಂಧ ಬರೆದಿದ್ದಳು. ರಷ್ಯಾದ ವಿಡಂಬನಕಾರ ನಿಕೊಲಾಯ್ ಗೊಗೊಲ್ ಆಮೇಲಿನ ಕಾಲದ ಹಾಸ್ಯ ಕಾದಂಬರಿಕಾರ ಮಿಖಾಯಿಲ್ ಬುಲ್ಗಾಕೋವ್ ಮೇಲೆ ಬೀರಿದ ಪ್ರಭಾವ ಅವಳ ವಿಷಯ. ಮಧುಗಿರಿ ಕಡೆಯ ಹುಡುಗಿ. ತುಂಬ ಓದುತ್ತಾಳೆ, ಓದಿದ್ದನ್ನು ಪ್ರೀತಿಯಿಂದ ಹೇಳುತ್ತಾಳೆ. ಪ್ರಬಂಧ ಮಾತ್ರ ವಾಪಸ್ ಬಂತು. ಮೇಲೆ ಎರಡೇ ಸಾಲಿನ ಷರಾ: ಹೋಲಿಕೆ ತೋರಿಸಿದ್ದೀರಿ, ಪ್ರಭಾವ ತೋರಿಸಿಲ್ಲ. ತಿದ್ದಿ ಕೊಡಿ.

ಎಸ್.ಎಸ್. ಪುರಂನ ಒಂದು ಮನೆಯ ಮಹಡಿಯಲ್ಲಿ ಸೇರುವ ನಮ್ಮ ಓದುಬಳಗಕ್ಕೆ ಅವಳು ಆ ಹಾಳೆಗಳನ್ನು ತಂದಳು. ನಾನು ಮೊದಲು ಇಂಗ್ಲಿಷ್ ಪಾಠ ಹೇಳುತ್ತಿದ್ದವನು. ಬಳಗದಲ್ಲಿ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ತಿಪಟೂರು ಕಡೆಯ ಮೇಷ್ಟ್ರೊಬ್ಬರಿದ್ದಾರೆ. ಆ ಪ್ರಬಂಧ ಹೇಗೆ ಬದಲಾಯಿತು ಅನ್ನುವುದನ್ನು ಇಲ್ಲಿ ಪೂರ್ತಿಯಾಗಿ ಬರೆದಿಡುತ್ತಿದ್ದೇನೆ. ಇಂಥ ಷರಾ ಪಡೆದವರು ಅವಳೊಬ್ಬಳೇ ಅಲ್ಲ. ಕನ್ನಡ ವಿಭಾಗ ಇರಲಿ, ಇಂಗ್ಲಿಷ್ ವಿಭಾಗ ಇರಲಿ, ‘ಇವರ ಮೇಲೆ ಅವರ ಪ್ರಭಾವ’ ಅನ್ನುವ ತಲೆಬರಹದ ಪ್ರಬಂಧಗಳು ಪ್ರತಿವರ್ಷ ಬರುತ್ತವೆ. ಪ್ರಭಾವವನ್ನು ಸಾಬೀತು ಮಾಡುವುದು ಹೇಗೆ ಅಂತ ಮಾತ್ರ ಯಾರೂ ಮಕ್ಕಳನ್ನು ಕೂರಿಸಿಕೊಂಡು ಹೇಳಿಕೊಡುವುದಿಲ್ಲ.

ಇಬ್ಬರು ಲೇಖಕರು

ಗೊಗೊಲ್ ಹುಟ್ಟಿದ್ದು 1809ರಲ್ಲಿ, ತೀರಿಕೊಂಡಿದ್ದು 1852ರಲ್ಲಿ. ಅವನ ‘ಮೂಗು’ ಕಥೆ 1836ರಲ್ಲಿ ಬಂತು. ‘ಇನ್‌ಸ್ಪೆಕ್ಟರ್ ಜನರಲ್’ ನಾಟಕ ರಂಗಕ್ಕೆ ಬಂದದ್ದೂ ಅದೇ ವರ್ಷ. ‘ಡೆಡ್ ಸೋಲ್ಸ್’ ಕಾದಂಬರಿಯ ಮೊದಲ ಭಾಗ 1842ರದ್ದು. ಬುಲ್ಗಾಕೋವ್ 1891ರಲ್ಲಿ ಕೀವ್‌ನಲ್ಲಿ ಹುಟ್ಟಿದ. ವೈದ್ಯ ಓದಿ, ವೈದ್ಯನಾಗಿ ಕೆಲಸವನ್ನೂ ಮಾಡಿ, ಆಮೇಲೆ ಅದನ್ನು ಬಿಟ್ಟು ಬರವಣಿಗೆಗೆ ಬಂದ. 1940ರಲ್ಲಿ ತೀರಿಕೊಂಡ. ಅವನ ದೊಡ್ಡ ಕಾದಂಬರಿ ‘ಮಾಸ್ಟರ್ ಅಂಡ್ ಮಾರ್ಗರೀಟಾ’ 1966ರ ಕೊನೆಯಲ್ಲಿ ಮತ್ತು 1967ರಲ್ಲಿ ಪತ್ರಿಕೆಯೊಂದರಲ್ಲಿ, ಅದೂ ಕತ್ತರಿ ಹಾಕಿಸಿಕೊಂಡು, ಬೆಳಕು ಕಂಡಿತು. ಇಬ್ಬರೂ ಉಕ್ರೇನಿನ ಮಣ್ಣಿನವರು. ಇಬ್ಬರೂ ರಾಜಧಾನಿಗೆ ಹೋಗಿ ರಷ್ಯನ್ ಭಾಷೆಯಲ್ಲಿ ಬರೆದವರು.

ಪ್ರಬಂಧದಲ್ಲಿ ಇವಿಷ್ಟೂ ಇದ್ದವು. ಆಮೇಲೆ ಒಂದು ಉದ್ದನೆಯ ಪಟ್ಟಿ. ಇಬ್ಬರಲ್ಲೂ ಲಂಚಕೋರ ಅಧಿಕಾರಿಗಳಿದ್ದಾರೆ. ಇಬ್ಬರಲ್ಲೂ ದೆವ್ವ ಬರುತ್ತದೆ. ಇಬ್ಬರೂ ತಮ್ಮ ಹಸ್ತಪ್ರತಿ ಸುಟ್ಟರು. ಗೊಗೊಲ್‌ನಲ್ಲಿ ಮೂಗು ಸಮವಸ್ತ್ರ ಹಾಕಿಕೊಂಡು ಓಡಾಡುತ್ತದೆ, ಬುಲ್ಗಾಕೋವ್‌ನಲ್ಲಿ ಖಾಲಿ ಸೂಟು ಕಡತಕ್ಕೆ ಸಹಿ ಹಾಕುತ್ತದೆ. ಕೊನೆಗೆ ಗೊಗೊಲ್ ಸಮಾಧಿಯ ಕಲ್ಲು ಬುಲ್ಗಾಕೋವ್ ಸಮಾಧಿಯ ಮೇಲೆ ಬಂದು ಕೂತ ಕಥೆ.

ಪೌತಿ ಖಾತೆಯ ಪ್ರಶ್ನೆ

ಮೊದಲು ಬಾಯಿ ಬಿಟ್ಟವರು ಶಿರಸ್ತೇದಾರರು. ‘ಡೆಡ್ ಸೋಲ್ಸ್’ ಕಥೆ ಏನು ಅಂತ ಕೇಳಿದರು. ಅವಳು ಹೇಳಿದಳು. ಆಗಿನ ರಷ್ಯಾದಲ್ಲಿ ಜಮೀನ್ದಾರನ ಕೈಕೆಳಗಿನ ಜೀತದಾಳುಗಳನ್ನು ಸರ್ಕಾರ ಆಗಾಗ ಎಣಿಸುತ್ತಿತ್ತು. ಒಂದು ಎಣಿಕೆಗೂ ಇನ್ನೊಂದಕ್ಕೂ ನಡುವೆ ಆಳು ಸತ್ತರೂ ಪಟ್ಟಿಯಲ್ಲಿ ಬದುಕಿಯೇ ಇರುತ್ತಿದ್ದ. ಜಮೀನ್ದಾರ ಅವನ ತೆರಿಗೆಯನ್ನೂ ಕಟ್ಟಬೇಕು. ಚಿಚಿಕೋವ್ ಅನ್ನುವವನು ಊರೂರು ಸುತ್ತಿ ಈ ಸತ್ತವರನ್ನು ಅಗ್ಗಕ್ಕೆ ಕೊಳ್ಳುತ್ತಾನೆ. ಕಾಗದದ ಮೇಲೆ ಬದುಕಿರುವ ಆಳುಗಳನ್ನು ಸರ್ಕಾರಿ ಸಂಸ್ಥೆಯಲ್ಲಿ ಅಡವಿಟ್ಟು ಸಾಲ ಎತ್ತುವುದು ಅವನ ಲೆಕ್ಕಾಚಾರ. ಮುದುಕಿ ಕೊರೊಬೊಚ್ಕಾಗೆ ಸತ್ತವರ ಮಾರುಕಟ್ಟೆ ಬೆಲೆ ಗೊತ್ತಿಲ್ಲದೆ ಕಡಿಮೆಗೆ ಕೊಟ್ಟು ಮೋಸ ಹೋಗುತ್ತೇನೋ ಅನ್ನುವ ಭಯ. ಸೊಬಾಕೆವಿಚ್ ಒಬ್ಬೊಬ್ಬ ಸತ್ತ ಬಡಗಿಯನ್ನೂ ಹೊಗಳಿ, ತಲೆಗೆ ನೂರು ರೂಬಲ್‌ನಿಂದ ಚೌಕಾಸಿ ಶುರು ಮಾಡುತ್ತಾನೆ.

“ಇದು ನಮ್ಮ ಪೌತಿ ಖಾತೆ ಕಣಮ್ಮ” ಅಂದರು ಶಿರಸ್ತೇದಾರರು. ಸತ್ತವರ ಹೆಸರಿನ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವ ಖಾತೆ ಅದು. “ಅಜ್ಜ ಸತ್ತು ಮೂವತ್ತು ವರ್ಷ ಆಗಿರುತ್ತೆ. ಪಹಣಿ ತೆಗೆದರೆ ಒಂಬತ್ತನೇ ಕಾಲಂನಲ್ಲಿ ಅಜ್ಜನೇ ಮಾಲೀಕ. ಮರಣ ಪ್ರಮಾಣಪತ್ರ ಇಲ್ಲ, ವಂಶವೃಕ್ಷಕ್ಕೆ ಅಣ್ಣತಮ್ಮಂದಿರು ಒಪ್ಪಲ್ಲ, ಎಂ.ಆರ್., ಅಂದರೆ ಹಕ್ಕು ಬದಲಾವಣೆ, ಆಗಲ್ಲ. ಸತ್ತವರ ಹೆಸರಲ್ಲಿ ಕಂದಾಯದ ರಸೀತಿ ಹರಿದು ಹರಿದು ಕೊಟ್ಟಿದ್ದೀನಿ ನಾನು.”

ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಸಾರ್, ನಿಮ್ಮ ಅನುಭವವನ್ನು ಯಾರಾದರೂ ಕಥೆ ಮಾಡಿದರೆ ಅದೂ ಗೊಗೊಲ್ ತರಾನೇ ಕಾಣುತ್ತೆ ಅಲ್ವಾ? ಅವರು ಗೊಗೊಲ್ ಹೆಸರನ್ನೇ ಕೇಳಿರದಿದ್ದರೂ?” ಅಂತ ಕೇಳಿದಳು.

ಪ್ರಬಂಧ ತಿರುಗಿದ್ದು ಈ ಪ್ರಶ್ನೆಯಿಂದ. ಪಟ್ಟಿಯಲ್ಲಿದ್ದ ಬಹಳಷ್ಟು ಹೋಲಿಕೆಗಳು ಒಬ್ಬ ಲೇಖಕನಿಂದ ಇನ್ನೊಬ್ಬನಿಗೆ ಬಂದವಲ್ಲ. ಕಚೇರಿ ಅನ್ನುವ ವ್ಯವಸ್ಥೆ ಎಲ್ಲಿದೆಯೋ ಅಲ್ಲೆಲ್ಲ ಅವು ತಾವಾಗಿಯೇ ಹುಟ್ಟುತ್ತವೆ. ಕಾಗದಕ್ಕೆ ಮನುಷ್ಯನಿಗಿಂತ ಜಾಸ್ತಿ ಬೆಲೆ ಕೊಟ್ಟ ಕಡೆ ಸತ್ತವರು ಬದುಕುತ್ತಾರೆ, ಬದುಕಿರುವವರು ಅರ್ಜಿ ಹಿಡಿದು ನಿಲ್ಲುತ್ತಾರೆ. ಲಂಚಕೋರ ಅಧಿಕಾರಿ ಇಬ್ಬರಲ್ಲೂ ಇದ್ದಾನೆ ಅನ್ನುವುದರಿಂದ ಪ್ರಭಾವದ ಬಗ್ಗೆ ಏನೂ ಗೊತ್ತಾಗುವುದಿಲ್ಲ. ಆ ಸಂಜೆ ಪಟ್ಟಿಯ ಅರ್ಧಕ್ಕಿಂತ ಜಾಸ್ತಿ ಸಾಲುಗಳಿಗೆ ಅವಳೇ ಪೆನ್ಸಿಲ್‌ನಿಂದ ಗೆರೆ ಎಳೆದಳು.

ನಮ್ಮಲ್ಲೂ ಇದೇ ಎಚ್ಚರ ಬೇಕು. ‘ಕೊರವಂಜಿ’ ಪತ್ರಿಕೆಯನ್ನು 1942ರಲ್ಲಿ ಶುರು ಮಾಡಿದ ರಾಶಿ, ಅಂದರೆ ಡಾ. ಎಂ. ಶಿವರಾಂ, ವೃತ್ತಿಯಿಂದ ವೈದ್ಯರು. ಬುಲ್ಗಾಕೋವ್ ಕೂಡ ವೈದ್ಯ. ಇಬ್ಬರ ಬರಹದಲ್ಲೂ ಮನುಷ್ಯನನ್ನು ಪರೀಕ್ಷೆ ಮಾಡುವ ಕಣ್ಣಿದೆ ಅಂತ ಒಂದು ಪುಟ ಬರೆಯಬಹುದು, ಆದರೆ ಪ್ರಭಾವ ಅನ್ನಲಾಗದು. ಅದೇ ಕೊರವಂಜಿಯಲ್ಲಿ ಬರೆದ ನಾ. ಕಸ್ತೂರಿ ಮತ್ತು ರಾಶಿ ನಡುವೆ ಒಂದೇ ದನಿ ಕೇಳಿದರೆ, ಅದು ಒಬ್ಬರು ಇನ್ನೊಬ್ಬರಿಂದ ಪಡೆದದ್ದೋ, ಒಂದೇ ಪತ್ರಿಕೆಯಲ್ಲಿ ಜೊತೆಗೆ ಬರೆಯುತ್ತ ಬೆಳೆದದ್ದೋ ಅಂತ ಮೊದಲು ಕೇಳಿಕೊಳ್ಳಬೇಕು.

ಹೊರಗಿನ ಸಾಕ್ಷಿ

ಮುಂದಿನ ಹೆಜ್ಜೆ, ಬುಲ್ಗಾಕೋವ್ ನಿಜವಾಗಿ ಗೊಗೊಲ್‌ನನ್ನು ಓದಿದ್ದನಾ, ಓದಿ ಏನು ಮಾಡಿದ ಅನ್ನುವುದು. ಇದರಲ್ಲಿ ಅವಳ ಅದೃಷ್ಟ ಚೆನ್ನಾಗಿತ್ತು. ಇಷ್ಟು ಗಟ್ಟಿ ಸಾಕ್ಷಿ ಇರುವ ಜೋಡಿ ಅಪರೂಪ.

1922ರ ಸೆಪ್ಟೆಂಬರಿನಲ್ಲಿ ಬುಲ್ಗಾಕೋವ್ ‘ಚಿಚಿಕೋವ್‌ನ ಸಾಹಸಗಳು’ ಅನ್ನುವ ಕಥೆ ಪ್ರಕಟಿಸಿದ. ಒಂದು ಕನಸು. ಗೊಗೊಲ್‌ನ ಪಾತ್ರಗಳೆಲ್ಲ ಎದ್ದು ಸೋವಿಯತ್ ರಷ್ಯಾಕ್ಕೆ ಹೊರಡುತ್ತವೆ. ಚಿಚಿಕೋವ್ ಮಾಸ್ಕೋಗೆ ಬಂದು ನೋಡಿದರೆ ನೂರು ವರ್ಷದ ಹಿಂದೆ ಬಿಟ್ಟುಹೋದ ಹೋಟೆಲು ಹಾಗೆಯೇ ಇದೆ. ಅವನು ಫಾರಂ ತುಂಬುತ್ತಾನೆ, ಸವಲತ್ತು ಪಡೆಯುತ್ತಾನೆ, ‘ಪಂಪೂಶ್ ನಾ ತ್ವೆರ್ಬೂಲೆ’ ಅನ್ನುವ ಉದ್ಯಮವನ್ನು ಸರ್ಕಾರದಿಂದ ಗುತ್ತಿಗೆಗೆ ತೆಗೆದುಕೊಳ್ಳುತ್ತಾನೆ. ಕೊನೆಗೆ ವಿಚಾರಿಸಿದರೆ ಅಂಥ ಉದ್ಯಮವೇ ಇಲ್ಲ. ಅದು ತ್ವೆರ್ಸ್ಕೋಯ್ ಬುಲೆವಾರ್‌ನಲ್ಲಿದ್ದ ಕವಿ ಪುಷ್ಕಿನ್ ಪ್ರತಿಮೆ. ಆ ಕಾಲದ ಕಚೇರಿಗಳಲ್ಲಿ ಎಲ್ಲ ಹೆಸರನ್ನೂ ಕತ್ತರಿಸಿ ಜೋಡಿಸುವ ಚಾಳಿ ಇತ್ತು, ಅದನ್ನೇ ಬಳಸಿಕೊಂಡು ಅವನು ಪ್ರತಿಮೆಯನ್ನೇ ಗುತ್ತಿಗೆ ಹಿಡಿದಿದ್ದಾನೆ. ‘ಡೆಡ್ ಸೋಲ್ಸ್’ಗೆ ಕಥಾವಸ್ತು ಕೊಟ್ಟವನು ಪುಷ್ಕಿನ್ ಅಂತ ಗೊಗೊಲ್ ಹೇಳಿಕೊಂಡಿದ್ದ. ಇದು ತಿಳಿದಿದ್ದರೆ ಈ ಏಟು ಇನ್ನೂ ಆಳಕ್ಕೆ ಇಳಿಯುತ್ತದೆ.

ಕಥೆಯ ಕೊನೆ ನನಗೆ ತುಂಬ ಇಷ್ಟ. ಕನಸಿನಲ್ಲಿ ಚಿಚಿಕೋವ್‌ನನ್ನು ಹಿಡಿದುಕೊಟ್ಟ ನಿರೂಪಕನಿಗೆ ಏನು ಬಹುಮಾನ ಬೇಕು ಅಂತ ಕೇಳುತ್ತಾರೆ. ಅವನು ಕೇಳುವುದು ರಟ್ಟು ಕಟ್ಟಿದ ಗೊಗೊಲ್ ಕೃತಿಗಳನ್ನು. ತನ್ನ ಹತ್ತಿರ ಇದ್ದದ್ದನ್ನು ಈಚೆಗಷ್ಟೇ ಹಳೆ ಸಾಮಾನಿನ ಸಂತೆಯಲ್ಲಿ ಮಾರಿಬಿಟ್ಟಿದ್ದೇನೆ ಅನ್ನುತ್ತಾನೆ. ಹೊಟ್ಟೆಪಾಡಿಗೆ ಪುಸ್ತಕ ಮಾರಿದವರಿಗೆ ಈ ಸಾಲು ಹೇಗೆ ತಟ್ಟುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ.

ಇನ್ನೂ ಇದೆ. 1930ರಲ್ಲಿ ಬುಲ್ಗಾಕೋವ್‌ನ ನಾಟಕಗಳೆಲ್ಲ ನಿಂತುಹೋಗಿದ್ದವು. ಮಾರ್ಚ್ 28ರಂದು ಅವನು ಸರ್ಕಾರಕ್ಕೆ ನೇರವಾಗಿ ಕಾಗದ ಬರೆದ. ಏಪ್ರಿಲ್ 18ರಂದು ಸ್ಟಾಲಿನ್ ಅವನಿಗೆ ಫೋನ್ ಮಾಡಿದ. ಅದಾದ ಮೇಲೆ ಮಾಸ್ಕೋ ಆರ್ಟ್ ಥಿಯೇಟರಿನಲ್ಲಿ ಸಹಾಯಕ ನಿರ್ದೇಶಕನ ಕೆಲಸ ಸಿಕ್ಕಿತು. ಅಲ್ಲಿ ಕೈಗೆ ಬಂದ ಮೊದಲ ಕೆಲಸಗಳಲ್ಲಿ ಒಂದು ‘ಡೆಡ್ ಸೋಲ್ಸ್’ ಅನ್ನು ನಾಟಕ ಮಾಡುವುದು. ಅದು ಮೊದಲ ಬಾರಿ ರಂಗಕ್ಕೆ ಬಂದದ್ದು 1932ರ ನವೆಂಬರ್ 28ರಂದು. ಆಮೇಲೆ ಅದೇ ಕೃತಿಗೂ ‘ಇನ್‌ಸ್ಪೆಕ್ಟರ್ ಜನರಲ್’ಗೂ ಸಿನಿಮಾ ಚಿತ್ರಕಥೆ ಬರೆದ. ಗೆಳೆಯನಿಗೆ ಬರೆದ ಒಂದು ಕಾಗದದಲ್ಲಿ ಗೊಗೊಲ್‌ನನ್ನು ಗುರುವೇ ಅಂತ ಕರೆದು, ನಿನ್ನ ಎರಕದ ಕಬ್ಬಿಣದ ಕೋಟಿನಲ್ಲಿ ನನ್ನನ್ನು ಮುಚ್ಚಿಕೋ ಅಂತ ಬೇಡಿಕೊಂಡ.

ಓದಿದ್ದ, ತನ್ನ ಕೈಯಾರೆ ಬಿಚ್ಚಿ ಜೋಡಿಸಿದ್ದ, ಗುರು ಅಂತ ಕರೆದಿದ್ದ. ಇದರ ಬಗ್ಗೆ ಇನ್ನು ತಕರಾರಿಲ್ಲ.

ಬಿಟ್ಟುಬಿಟ್ಟ ಎರಡು ಸಾಕ್ಷಿ

ಪ್ರಬಂಧ ಶುರುವಾಗುತ್ತಿದ್ದದ್ದು ಸಮಾಧಿಯ ಕಲ್ಲಿನಿಂದ. ಕಥೆ ನಿಜವೇ. 1931ರಲ್ಲಿ ಗೊಗೊಲ್‌ನ ಅಸ್ಥಿಯನ್ನು ದನೀಲೋವ್ ಮಠದಿಂದ ನೊವೊದೆವಿಚಿ ಸ್ಮಶಾನಕ್ಕೆ ಸಾಗಿಸಿದರು. ಹಳೆ ಸಮಾಧಿಯ ಕಲ್ಲು ಬೇಡವಾಗಿ ಉಳಿಯಿತು. ಬುಲ್ಗಾಕೋವ್‌ನ ಹೆಂಡತಿ ಯೆಲೆನಾ ಸೆರ್ಗೇಯೆವ್ನಾ ಮುಂದೆ ಅದನ್ನು ಗುರುತಿಸಿ ತಂದು ಗಂಡನ ಸಮಾಧಿಗೆ ಹಾಕಿಸಿದಳು. ಆದರೆ ಬುಲ್ಗಾಕೋವ್ ಆಗ ಇರಲಿಲ್ಲ. ಅವನು ಏನನ್ನು ಹೇಗೆ ಬರೆದ ಅನ್ನುವುದರ ಬಗ್ಗೆ ಆ ಕಲ್ಲಿನಿಂದ ಏನೂ ತಿಳಿಯುವುದಿಲ್ಲ. ಗಂಡನ ಬರವಣಿಗೆಯನ್ನು ಯೆಲೆನಾ ಹೇಗೆ ಓದಿದಳು ಅನ್ನುವುದಕ್ಕೆ ಅದು ಸಾಕ್ಷಿ. ಬೇರೆ ಪ್ರಬಂಧಕ್ಕೆ ಅದು ಒಳ್ಳೆಯ ವಸ್ತು. ಇದನ್ನು ತೆಗೆಯಲು ಅವಳಿಗೆ ಬೇಜಾರಾಯಿತು, ಆದರೂ ತೆಗೆದಳು.

ಹಸ್ತಪ್ರತಿ ಸುಟ್ಟ ವಿಷಯವೂ ಹೀಗೇ. 1852ರ ಫೆಬ್ರವರಿಯಲ್ಲಿ, ಸಾಯುವುದಕ್ಕೆ ಕೆಲವೇ ದಿನ ಮೊದಲು, ಗೊಗೊಲ್ ‘ಡೆಡ್ ಸೋಲ್ಸ್’ ಎರಡನೇ ಭಾಗವನ್ನು ಸುಟ್ಟ. ದೆವ್ವದ ಬಗ್ಗೆ ಬರೆದ ಕಾದಂಬರಿಯ ಕರಡನ್ನು ಒಲೆಗೆ ಹಾಕಿದೆ ಅಂತ ಬುಲ್ಗಾಕೋವ್ 1930ರ ಆ ಕಾಗದದಲ್ಲೇ ಬರೆದಿದ್ದಾನೆ. ಮುಂದೆ ‘ಮಾಸ್ಟರ್ ಅಂಡ್ ಮಾರ್ಗರೀಟಾ’ ಆದದ್ದು ಅದೇ ಕಾದಂಬರಿ. ಗೊಗೊಲ್ ಸುಟ್ಟದ್ದು ಧಾರ್ಮಿಕ ಸಂಕಟದಲ್ಲಿ. ಬುಲ್ಗಾಕೋವ್ ಮನೆಯನ್ನು ಪೊಲೀಸರು 1926ರಲ್ಲೇ ಶೋಧಿಸಿ ಅವನ ದಿನಚರಿಯನ್ನೂ ‘ಹಾರ್ಟ್ ಆಫ್ ಎ ಡಾಗ್’ ಹಸ್ತಪ್ರತಿಯನ್ನೂ ಎತ್ತಿಕೊಂಡು ಹೋಗಿದ್ದರು. ಅಂಥ ಮನೆಯಲ್ಲಿ ಕಾಗದ ಸುಡುವುದಕ್ಕೆ ಯಾವ ಗುರುವಿನ ಮಾದರಿಯೂ ಬೇಕಿಲ್ಲ. ಆ ಕಾದಂಬರಿಯಲ್ಲಿ ಮಾಸ್ಟರ್ ಅನ್ನುವ ಲೇಖಕ ಸುಟ್ಟ ಹಸ್ತಪ್ರತಿ ಪೂರ್ತಿಯಾಗಿ ವಾಪಸ್ ಬರುವ ಜಾಗ ಬೇರೆ ಮಾತು. ಅಲ್ಲಿ ಗೊಗೊಲ್‌ಗೆ ಒಂದು ಉತ್ತರ ಇದೆ ಅಂತ ನನಗೆ ಅನ್ನಿಸುತ್ತದೆ. ಅನ್ನಿಸುವುದನ್ನು ಪ್ರಬಂಧದಲ್ಲಿ ಸಾಕ್ಷಿಯಾಗಿ ಹಾಕುವಂತಿಲ್ಲ.

ಖಾಲಿ ಸೂಟು ಯಾರದು

ಈಗ ಉಳಿದದ್ದು ಅವಳ ಅತ್ಯಂತ ಗಟ್ಟಿ ಹೋಲಿಕೆ. ‘ಮೂಗು’ ಕಥೆಯಲ್ಲಿ ಕೊವಲ್ಯೋವ್ ಅನ್ನುವ ಅಧಿಕಾರಿ ಬೆಳಗ್ಗೆ ಎದ್ದರೆ ಮುಖದಲ್ಲಿ ಮೂಗಿಲ್ಲ. ಆ ಮೂಗು ಜರತಾರಿ ಸಮವಸ್ತ್ರ ಹಾಕಿಕೊಂಡು ಗಾಡಿಯಲ್ಲಿ ಓಡಾಡುತ್ತಿದೆ. ದರ್ಜೆಯಲ್ಲಿ ಅವನಿಗಿಂತ ಮೇಲೆ. ತನ್ನದೇ ಮೂಗಿನ ಹತ್ತಿರ ಮಾತಾಡಲು ಅವನು ತಡವರಿಸುತ್ತಾನೆ. ನಿಮ್ಮ ಗುಂಡಿ ನೋಡಿದರೆ ನೀವು ಬೇರೆ ಇಲಾಖೆಯವರು ಅಂತ ಮೂಗು ಅವನನ್ನು ಸಾಗಹಾಕುತ್ತದೆ.

‘ಮಾಸ್ಟರ್ ಅಂಡ್ ಮಾರ್ಗರೀಟಾ’ದಲ್ಲಿ ದೆವ್ವ ಮಾಸ್ಕೋಗೆ ಬರುತ್ತದೆ. ಅಲ್ಲಿನ ಮನರಂಜನೆ ಇಲಾಖೆಯ ಅಧ್ಯಕ್ಷ ಪ್ರೋಖೊರ್ ಪೆತ್ರೋವಿಚ್ ಸಿಟ್ಟಿನಲ್ಲಿ ‘ನನ್ನನ್ನು ದೆವ್ವ ಹೊತ್ತುಕೊಂಡು ಹೋಗಲಿ’ ಅನ್ನುತ್ತಾನೆ. ಎದುರಿಗೆ ಕೂತಿದ್ದ, ದೆವ್ವದ ಪರಿವಾರದ ಬೆಕ್ಕು ಮಾತು ನಡೆಸಿಕೊಡುತ್ತದೆ. ಮನುಷ್ಯ ಮಾಯ. ಸೂಟು ಮಾತ್ರ ಕುರ್ಚಿಯಲ್ಲಿ ಕೂತು, ಮಸಿ ಅದ್ದದ ಪೆನ್ನಿನಿಂದ ಬರೆಯುತ್ತದೆ, ಫೋನಿನಲ್ಲಿ ಮಾತಾಡುತ್ತದೆ. ಮುಂದೆ ಮನುಷ್ಯ ತನ್ನ ಸೂಟಿನೊಳಕ್ಕೆ ವಾಪಸ್ ಬಂದಾಗ, ತಾನಿಲ್ಲದಾಗ ಸೂಟು ಹೊರಡಿಸಿದ ಆದೇಶಗಳಿಗೆಲ್ಲ ಒಪ್ಪಿಗೆ ಕೊಡುತ್ತಾನೆ.

ಎರಡನ್ನೂ ಅಕ್ಕಪಕ್ಕ ಇಟ್ಟರೆ ಪ್ರಭಾವ ಕಣ್ಣಿಗೆ ರಾಚುತ್ತದೆ. ಆದರೆ ಅವಳು 1930ರ ಕಾಗದವನ್ನು ಪೂರ್ತಿ ಓದಿದಾಗ ಒಂದು ತೊಡಕು ಸಿಕ್ಕಿತು. ಅದರಲ್ಲಿ ಬುಲ್ಗಾಕೋವ್ ‘ನನ್ನ ಗುರು’ ಅನ್ನುವುದು ಗೊಗೊಲ್‌ನನ್ನಲ್ಲ, ಹತ್ತೊಂಬತ್ತನೇ ಶತಮಾನದ ಇನ್ನೊಬ್ಬ ವಿಡಂಬನಕಾರ ಮಿಖಾಯಿಲ್ ಸಾಲ್ಟಿಕೋವ್ ಶ್ಚೆದ್ರಿನ್‌ನನ್ನು. 1933ರಲ್ಲಿ ಶ್ಚೆದ್ರಿನ್ ಬಗ್ಗೆ ಬಂದ ಪ್ರಶ್ನಾವಳಿಗೆ ಉತ್ತರ ಕೊಡುತ್ತ, ಸುಮಾರು 13ನೇ ವಯಸ್ಸಿನಿಂದ ಅವನನ್ನು ಓದಿದ್ದೇನೆ, ಅವನ ಪ್ರಭಾವ ನನ್ನ ಮೇಲೆ ಬಹಳ ದೊಡ್ಡದು ಅಂತಲೂ ಬರೆದಿದ್ದಾನೆ. ಲೇಖಕನೇ ಬಾಯಿಬಿಟ್ಟು ಹೇಳಿದ ಮೇಲೆ ಅತ್ತ ನೋಡದೆ ಇರುವಂತಿಲ್ಲ.

ಶ್ಚೆದ್ರಿನ್‌ನ ‘ಒಂದು ಊರಿನ ಇತಿಹಾಸ’ 1870ರ ಹೊತ್ತಿನದು. ಗ್ಲೂಪೊವ್ ಅನ್ನುವ ಊರನ್ನು ಆಳಿದ ಅಧಿಕಾರಿಗಳ ಕಥೆ. ಅವರಲ್ಲಿ ಬ್ರುದಾಸ್ತಿ ಅನ್ನುವವನ ತಲೆಯೊಳಗೆ ಇರುವುದು ಒಂದು ಸಂಗೀತದ ಪೆಟ್ಟಿಗೆ. ‘ಹಾಳು ಮಾಡ್ತೀನಿ’, ‘ಸಹಿಸಲ್ಲ’, ಇವೆರಡೇ ಮಾತು ಅದರಿಂದ ಹೊರಡುತ್ತವೆ. ಪೆಟ್ಟಿಗೆ ಕೆಟ್ಟಾಗ ಗಡಿಯಾರ ರಿಪೇರಿಯವನನ್ನು ಕರೆಸುತ್ತಾರೆ. ಒಂದು ಬೆಳಗ್ಗೆ ಗುಮಾಸ್ತ ಒಳಗೆ ಹೋಗಿ ನೋಡಿದರೆ ಸಮವಸ್ತ್ರ ತೊಟ್ಟ ದೇಹ ಮೇಜಿನ ಹಿಂದೆ ಕೂತಿದೆ. ಅದರ ಮುಂದೆ ತೆರಿಗೆ ಬಾಕಿ ರಿಜಿಸ್ಟರುಗಳ ಮೇಲೆ ಖಾಲಿ ತಲೆ ಪೇಪರ್‌ವೇಟ್ ಥರ ಇದೆ.

ಇದನ್ನು ಓದಿದಾಗ ಶಿರಸ್ತೇದಾರರು ಎದ್ದು ಕೂತರು. ಶ್ಚೆದ್ರಿನ್ ಸ್ವತಃ ಸರ್ಕಾರಿ ನೌಕರಿಯಲ್ಲಿದ್ದವನು, ರ್ಯಾಜಾನ್ ಮತ್ತು ತ್ವೆರ್ ಪ್ರಾಂತ್ಯಗಳಲ್ಲಿ ಉಪ ರಾಜ್ಯಪಾಲನಾಗಿದ್ದ ಅಂತ ತಿಳಿದಾಗ ಅವರ ಮುಖದಲ್ಲಿ ಗೌರವ ಕಾಣುತ್ತಿತ್ತು. “ಕೂತು ನೋಡಿದವನು ಬರೆದಿದ್ದಾನೆ. ಬಾಕಿ ರಿಜಿಸ್ಟರು ಮೇಜಿನ ಮೇಲೇ ಇರುತ್ತೆ ಅಂತ ಹೊರಗಿನವರಿಗೆ ಗೊತ್ತಾಗಲ್ಲ” ಅಂದರು.

ಕುರ್ಚಿ, ಮೇಜು, ಕಡತ, ತಲೆ ಇಲ್ಲದ ಅಧಿಕಾರಿ, ಹೆದರಿದ ಕೈಕೆಳಗಿನ ನೌಕರ. ಪ್ರೋಖೊರ್ ಪೆತ್ರೋವಿಚ್‌ನ ದೃಶ್ಯಕ್ಕೆ ಬೇಕಾದ ಸಾಮಾನೆಲ್ಲ ಶ್ಚೆದ್ರಿನ್‌ನಲ್ಲಿ ಸಿದ್ಧವಾಗಿದೆ. ಗೊಗೊಲ್‌ನ ಮೂಗು ಊರು ಸುತ್ತುತ್ತದೆ, ಕಚೇರಿಯಲ್ಲಿ ಕೂತು ಆದೇಶ ಹೊರಡಿಸುವುದಿಲ್ಲ. ಒಂದು ಹೋಲಿಕೆಗೆ ಇಬ್ಬರು ವಾರಸುದಾರರು ಬಂದರೆ, ಹತ್ತಿರದ ಹೋಲಿಕೆ ಯಾರದೋ ಅವರ ಕಡೆಗೇ ಅದನ್ನು ಬರೆಯಬೇಕು. ಖಾಲಿ ಸೂಟನ್ನು ಅವಳು ಶ್ಚೆದ್ರಿನ್ ಹೆಸರಿಗೆ ಬರೆದಳು. ಪ್ರಬಂಧದ ನಡುಗಂಬವನ್ನೇ ಕೀಳುವ ಧೈರ್ಯ ಅದು. ಪಾಠ ಹೇಳಿದ ಇಷ್ಟು ವರ್ಷಗಳಲ್ಲಿ ಅಂಥದ್ದನ್ನು ನಾನು ಕಂಡದ್ದು ಕಡಿಮೆ.

ಹಾಗಾದರೆ ಗೊಗೊಲ್‌ನಿಂದ ಬಂದದ್ದು ಏನು?

ಉತ್ತರ ಸಿಕ್ಕಿದ್ದು ನಾಟಕದ ಇತಿಹಾಸದಲ್ಲಿ. ‘ಡೆಡ್ ಸೋಲ್ಸ್’ ಅನ್ನು ನಾಟಕ ಮಾಡಲು ಆಗುವುದೇ ಇಲ್ಲ ಅಂತ ಬುಲ್ಗಾಕೋವ್ 1932ರಲ್ಲಿ ಗೆಳೆಯನಿಗೆ ಬರೆದಿದ್ದ. ಯಾಕೆ ಅಂದರೆ ಆ ಕಾದಂಬರಿಯ ಜೀವ ಇರುವುದು ಘಟನೆಗಳಲ್ಲಿ ಅಲ್ಲ, ಹೇಳುವವನ ದನಿಯಲ್ಲಿ. ಅದಕ್ಕೇ ಅವನು ನಿರೂಪಕನನ್ನೇ ಒಂದು ಪಾತ್ರ ಮಾಡಿದ. ರೋಮ್‌ನಲ್ಲಿ ಕೂತು ದೂರದ ತನ್ನ ದೇಶವನ್ನು ನೋಡುತ್ತ ಕಥೆ ಹೇಳುವ ಗೊಗೊಲ್‌ನಂಥ ಪಾತ್ರ ಅದು. ಥಿಯೇಟರು ಆ ಪಾತ್ರವನ್ನು ಕೈಬಿಟ್ಟಿತು. ನಾಟಕ ರಂಗಕ್ಕೆ ಬಂದದ್ದು ಅವನಿಲ್ಲದೆ.

ತಿಪಟೂರಿನ ಮೇಷ್ಟ್ರು ಆ ಕಡೆಯ ಮೂಡಲಪಾಯ ಬಯಲಾಟ ನೋಡುತ್ತ ಬೆಳೆದವರು. “ಭಾಗವತರನ್ನು ಇಳಿಸಿ ಬರೀ ವೇಷಗಳನ್ನು ಕುಣಿಸಿದ ಹಾಗಾಯ್ತು” ಅಂದರು. ಅಷ್ಟೇ ಸರಿಯಾದ ಮಾತು.

ಅದೇ ವರ್ಷ ಬುಲ್ಗಾಕೋವ್ ಸುಟ್ಟುಹಾಕಿದ್ದ ತನ್ನ ದೆವ್ವದ ಕಾದಂಬರಿಗೆ ಮತ್ತೆ ಕೈ ಹಾಕಿದ. ಒಂದು ಇನ್ನೊಂದಕ್ಕೆ ಕಾರಣ ಅಂತ ಪ್ರಬಂಧದಲ್ಲಿ ಹೇಳಿಲ್ಲ. ಆದರೆ ಗೊಗೊಲ್‌ನಲ್ಲಿ ಯಾವುದು ಮುಖ್ಯ ಅಂತ ಬುಲ್ಗಾಕೋವ್ ಅಂದುಕೊಂಡಿದ್ದ ಅನ್ನುವುದು ಇದರಿಂದ ಗೊತ್ತಾಯಿತು. ಹುಡುಕಬೇಕಾದ ಜಾಗ ನಿರೂಪಕನ ದನಿ.

ಗೊಗೊಲ್‌ನ ನಿರೂಪಕ ಊರಿನ ಗಾಳಿಮಾತಿನ ಜೊತೆ ಓಡುವವನು. ‘ಡೆಡ್ ಸೋಲ್ಸ್’ನಲ್ಲಿ ಚಿಚಿಕೋವ್ ಯಾರು ಅಂತ ಊರೆಲ್ಲ ಗುಸುಗುಸು ಶುರುವಾಗುತ್ತದೆ. ಅಂಚೆ ಮಾಸ್ತರು ಅವನು ಕ್ಯಾಪ್ಟನ್ ಕೊಪೇಕಿನ್ ಅನ್ನುತ್ತಾನೆ, ಉದ್ದನೆಯ ಕಥೆಯನ್ನೂ ಹೇಳುತ್ತಾನೆ. ಕೊಪೇಕಿನ್‌ಗೆ ಒಂದು ಕೈ ಒಂದು ಕಾಲು ಇಲ್ಲ, ಚಿಚಿಕೋವ್‌ಗೆ ಎರಡೂ ಇವೆಯಲ್ಲ ಅಂತ ಕೊನೆಗೆ ಯಾರಿಗೋ ಹೊಳೆಯುತ್ತದೆ. ಆಮೇಲೆ ಅವನು ನೆಪೋಲಿಯನ್ ಇರಬಹುದಾ ಅಂತ ಯೋಚಿಸುತ್ತಾರೆ. ‘ಮೂಗು’ ಕಥೆಯ ಕೊನೆಯಲ್ಲಿ ನಿರೂಪಕ, ಇಂಥ ವಿಷಯವನ್ನು ಲೇಖಕರು ಯಾಕೆ ಬರೆಯುತ್ತಾರೋ ಅಂತ ತಾನೇ ಗೊಣಗಿ, ಏನೇ ಹೇಳಿ, ಅಪರೂಪಕ್ಕೆ ಹೀಗೂ ಆಗುತ್ತದೆ ಅಂತ ಮುಗಿಸುತ್ತಾನೆ.

‘ಮಾಸ್ಟರ್ ಅಂಡ್ ಮಾರ್ಗರೀಟಾ’ದ ಉಪಸಂಹಾರ ಹೀಗೇ ಮಾತಾಡುತ್ತದೆ. ಈ ಸತ್ಯವಾದ ಸಾಲುಗಳನ್ನು ಬರೆಯುತ್ತಿರುವ ನಾನೇ ರೈಲಿನಲ್ಲಿ ದೆವ್ವದ ಆಟದ ಗಾಳಿಮಾತು ಕೇಳಿದೆ ಅನ್ನುತ್ತಾನೆ ನಿರೂಪಕ. ದೇಶದ ತುಂಬ ಕರಿ ಬೆಕ್ಕುಗಳ ಮೇಲೆ ಅನುಮಾನ. ಅರ್ಮಾವೀರ್‌ನಲ್ಲಿ ಒಬ್ಬ ಬೆಕ್ಕಿನ ಮುಂಗಾಲು ಕಟ್ಟಿ ಪೊಲೀಸರ ಹತ್ತಿರ ಎಳೆದುಕೊಂಡು ಹೋಗುತ್ತಾನೆ. ದೆವ್ವದ ಹೆಸರು ವೋಲಾಂಡ್, ಅದಕ್ಕೆ ಹತ್ತಿರದ ಹೆಸರಿದ್ದವರನ್ನೆಲ್ಲ ಹಿಡಿಯುತ್ತಾರೆ.

ಇಷ್ಟಕ್ಕೆ ನಿಂತಿದ್ದರೆ ಇದೂ ಬರೀ ಹೋಲಿಕೆ. ಪ್ರಬಂಧ ನಿಜವಾಗಿ ಗೆದ್ದದ್ದು ಏಳನೇ ಅಧ್ಯಾಯದ ಒಂದು ಪುಟದಲ್ಲಿ. ಸದೋವಾಯ ಬೀದಿಯ 50ನೇ ನಂಬರಿನ ಮನೆ. ಅಲ್ಲಿ ಎರಡು ವರ್ಷದಿಂದ ಜನ ಕಾಣೆಯಾಗುತ್ತಿದ್ದಾರೆ. ಒಂದು ದಿನ ಬಿಳಿ ಕೈಗವಸಿನ ಮರ್ಯಾದಸ್ಥ ಪೊಲೀಸಿನವನು ಬಂದು, ಬಾಡಿಗೆದಾರನನ್ನು ಏನೋ ಒಂದು ಸಹಿ ಹಾಕಲು ಒಂದು ನಿಮಿಷ ಠಾಣೆಗೆ ಬನ್ನಿ ಅಂತ ಕರೆಯುತ್ತಾನೆ. ಹತ್ತು ನಿಮಿಷದಲ್ಲಿ ಬರುತ್ತೇನೆ ಅಂತ ಹೇಳಿ ಹೋದವನು ಮತ್ತೆ ಬರಲೇ ಇಲ್ಲ. ಇನ್ನೂ ಆಶ್ಚರ್ಯ ಅಂದರೆ ಪೊಲೀಸಿನವನೂ ಅವನ ಜೊತೆಗೇ ಮಾಯವಾದ ಅನ್ನುತ್ತಾನೆ ನಿರೂಪಕ. ಮನೆಗೆಲಸದ ಅನ್ಫೀಸಾ ಇದು ಮಾಟ ಅನ್ನುತ್ತಾಳೆ. ಯಾರು ಎಳೆದುಕೊಂಡು ಹೋದರು ಅಂತ ಅವಳಿಗೆ ಚೆನ್ನಾಗಿ ಗೊತ್ತು, ಆದರೆ ರಾತ್ರಿ ಹೊತ್ತು ಅದನ್ನು ಹೇಳಲು ಇಷ್ಟವಿಲ್ಲ.

ನಮ್ಮ ಹಳ್ಳಿಗಳಲ್ಲಿ ಕತ್ತಲಾದ ಮೇಲೆ ಹಾವಿನ ಹೆಸರು ಎತ್ತುವುದಿಲ್ಲ, ಹುಳ ಅನ್ನುತ್ತಾರೆ. ಅನ್ಫೀಸಾಳ ಭಯ ಓದುವವರಿಗೆ ತಕ್ಷಣ ಗೊತ್ತಾಗುವುದು ಅದಕ್ಕೇ. 1930ರ ದಶಕದ ಮಾಸ್ಕೋದಲ್ಲಿ ಮನೆಗೆ ಬಂದು ಜನರನ್ನು ಕರೆದುಕೊಂಡು ಹೋದದ್ದು ಯಾರು ಅಂತ ಎಲ್ಲರಿಗೂ ಗೊತ್ತಿತ್ತು. ಬಂಧನ ಅಂತ ಬರೆಯುವಂತಿರಲಿಲ್ಲ, ಮಾಟ ಅಂತ ಬರೆಯಬಹುದಿತ್ತು.

ಗೊಗೊಲ್‌ನ ನಿರೂಪಕನಿಗೆ ನಿಜ ಗೊತ್ತಿಲ್ಲದಿರುವುದು ಆ ಸಣ್ಣ ಊರಿಗೇ ಏನೂ ಗೊತ್ತಿಲ್ಲದ್ದರಿಂದ. ಅಲ್ಲಿ ಗಾಳಿಮಾತು ದಡ್ಡತನದ ಗುರುತು. ಬುಲ್ಗಾಕೋವ್ ಅದೇ ದನಿಯನ್ನು ತೆಗೆದುಕೊಂಡು ಅದರ ಕೆಲಸವನ್ನು ತಿರುಗಿಸಿದ. ಅವನ ನಿರೂಪಕನಿಗೆ ಎಲ್ಲ ಗೊತ್ತು, ಗೊತ್ತಿಲ್ಲದವನ ಹಾಗೆ ಮಾತಾಡುತ್ತಾನೆ. ಗಾಳಿಮಾತು ಅಲ್ಲಿ ಸತ್ಯವನ್ನು ಸಾಗಿಸುವ ದಾರಿ. ನನ್ನ ಪ್ರಕಾರ ಪ್ರಭಾವ ಅನ್ನುವುದು ಇಲ್ಲಿದೆ. ಗುರುವಿನ ಉಪಾಯವನ್ನು ಗುರುವಿಗೆ ಗೊತ್ತಿಲ್ಲದ ಕಾಲಕ್ಕೆ ಒಯ್ದು, ಅವನು ಮಾಡಿಸದಿದ್ದ ಕೆಲಸವನ್ನು ಅದರಿಂದ ಮಾಡಿಸಿದ್ದಾನೆ.

ಪ್ರಬಂಧದ ಈಗಿನ ರೂಪ

ತಿದ್ದಿದ ಪ್ರಬಂಧ 1922ರ ಚಿಚಿಕೋವ್ ಕಥೆಯಿಂದ ಶುರುವಾಗುತ್ತದೆ, ನಾಟಕದಿಂದ ಬಿಟ್ಟುಹೋದ ನಿರೂಪಕನ ಮೂಲಕ 50ನೇ ನಂಬರಿನ ಮನೆಗೆ ಬರುತ್ತದೆ. ಖಾಲಿ ಸೂಟಿಗೆ ಎರಡು ಪುಟ, ಅದೂ ಶ್ಚೆದ್ರಿನ್ ಹೆಸರಿನಲ್ಲಿ. ಪೌತಿ ಖಾತೆಯ ಮಾತು ಒಂದು ಪ್ಯಾರಾ ಆಗಿ ಉಳಿದಿದೆ, ಪ್ರಭಾವವೇ ಇಲ್ಲದೆ ಹೋಲಿಕೆ ಹುಟ್ಟುತ್ತದೆ ಅನ್ನುವುದಕ್ಕೆ ಉದಾಹರಣೆಯಾಗಿ. ಇಂಗ್ಲಿಷ್ ಪ್ರಬಂಧದಲ್ಲಿ ಪಹಣಿ ಯಾಕೆ ಅಂತ ಯಾರಾದರೂ ಕೇಳಿಯಾರು ಅಂತ ಅವಳಿಗೆ ಅಳುಕಿತ್ತು. ತೆಗೆಯಬೇಡ ಅಂತ ನಾವೆಲ್ಲ ಒತ್ತಾಯ ಮಾಡಿದೆವು. ಆ ಪ್ಯಾರಾ ಬರೆಯಲು ತುಮಕೂರಿನಲ್ಲಿ ಕೂತು ಓದಿದವರೇ ಬೇಕು. ಈ ಬಾರಿ ಪ್ರಬಂಧ ಒಪ್ಪಿಗೆಯಾಯಿತು.

ಒಂದು ಪ್ರಶ್ನೆ ಬಗೆಹರಿದಿಲ್ಲ. ಬುಲ್ಗಾಕೋವ್ 1936ರಲ್ಲಿ ಶುರು ಮಾಡಿ ಮುಗಿಸದೆ ಬಿಟ್ಟ ‘ಥಿಯೇಟ್ರಿಕಲ್ ನಾವೆಲ್’ನಲ್ಲಿ ನಾಟಕ ಕಂಪನಿಯ ಒಳಗಿನ ಜಗಳ, ತಾಲೀಮು, ದೊಡ್ಡ ನಿರ್ದೇಶಕರ ವಿಚಿತ್ರಗಳು ತುಂಬಿವೆ. ಆ ನಗು ಗೊಗೊಲ್‌ನದೂ ಅಲ್ಲ, ಶ್ಚೆದ್ರಿನ್‌ನದೂ ಅಲ್ಲ ಅಂತ ಅವಳ ವಾದ. ತಾನೇ ಅನುಭವಿಸಿದ್ದನ್ನು ಬರೆದಾಗ ಬುಲ್ಗಾಕೋವ್‌ಗೆ ಗುರುಗಳು ಬೇಕಾಗಲಿಲ್ಲ ಅನ್ನುತ್ತಾಳೆ. ಮೇಷ್ಟ್ರು ಒಪ್ಪುತ್ತಿಲ್ಲ. ಅಲ್ಲಿಯೂ ಕಥೆ ಹೇಳುವವನನ್ನು ಗಮನಿಸು, ತನಗೆ ಏನೂ ಅರ್ಥವಾಗುತ್ತಿಲ್ಲ ಅನ್ನುವ ಹಾಗೆ ಹೇಳುತ್ತಾನೆ, ಅದು ಎಲ್ಲಿಂದ ಬಂತು ಅಂತ ಕೇಳುತ್ತಾರೆ. ಪುಸ್ತಕ ಈಗ ಬಳಗದಲ್ಲಿ ಕೈಯಿಂದ ಕೈಗೆ ಹೋಗುತ್ತಿದೆ. ಸದ್ಯ ಶಿರಸ್ತೇದಾರರ ಹತ್ತಿರ ಇದೆ.